ಬೀಸೋ ಕಲ್ಲು, ಹೊಲಿಗೆ ಮಷಿನ್ನು

ದಾವಣಗೆರೆ

ಗೆಳೆಯಾ,

ಹೋದ ಸಲ ನಾನು ದುರ್ಗಕ್ಕೆ ಬಂದಾಗ ನೀನು ನಕ್ಕೊಂಡೇ ಕೇಳಿದ್ದೆ: "ಭಾನುವಾರ ಚರ್ಚಲ್ಲಿ ಓದಿದ್ದು ಸೋಮವಾರ ದಲಾಲಿ ಅಂಗಡಿಯಲ್ಲಿ ನಡೆಯುತ್ತೇನೋ?" ಬಸ್ಸಿನ ಹೊತ್ತಾಯ್ತು ಅಂತ ಆವತ್ತು ಜಾರಿಕೊಂಡೆ. ಈಗ ಹೇಳ್ತೀನಿ ಕೇಳು.

ನಮ್ಮ ಓಣಿಯ ಕೊನೇ ಮನೆಯಾಕೆ ಬ್ಲೌಸ್ ಹೊಲಿದು ಸಂಸಾರ ತೂಗಿಸ್ತಾಳೆ. ಮೂರು ಕಡೆ ಸಂಘದ ಸಾಲ, ಒಂದರ ಕಂತು ಕಟ್ಟೋಕೆ ಇನ್ನೊಂದು. ಎರಡು ವಾರದ ಕಂತು ತಪ್ಪಿತು. ವಸೂಲಿಗೆ ಬಂದ ಹುಡುಗರು ಬಾಗಿಲಲ್ಲಿ ನಿಲ್ಲದೆ ಒಳಗೇ ಹೋಗಿ ಹೊಲಿಗೆ ಮಷಿನ್ ಎತ್ತಿಕೊಂಡು ಬಂದರು. ಅರ್ಧ ಹೊಲಿದ ತೋಳು ಸೂಜಿಯಲ್ಲೇ ಸಿಕ್ಕೊಂಡಿತ್ತು. ಹಸಿರು ದಾರ ಹೊಸ್ತಿಲ ತನಕ ಬಿಚ್ಚಿಕೊಳ್ತಾ ಬಂತು. ನಾನು ನೋಡ್ತಾ ನಿಂತಿದ್ದೆ, ಬಾಯಿ ಬಿಡಲಿಲ್ಲ.

ರಾತ್ರಿ ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯ ತೆಗೆದೆ. ಬೀಸೋ ಕಲ್ಲನ್ನು, ಅದರ ಮೇಲಿನ ಕಲ್ಲೊಂದನ್ನೇ ಆದರೂ, ಒತ್ತೆ ಹಿಡೀಬಾರದು. ಹಿಡಿದರೆ ಜೀವವನ್ನೇ ಹಿಡಿದಂತೆ. ಸಾಲ ಕೊಟ್ಟವನು ಒತ್ತೆಗೆಂದು ಮನೆಯೊಳಗೆ ಹೋಗಬಾರದು, ಹೊರಗೇ ನಿಲ್ಲಬೇಕು. ಬಡವನ ಹೊದಿಕೆ ಒತ್ತೆಗೆ ಬಂದರೆ ಹೊತ್ತು ಮುಳುಗೋದರೊಳಗೆ ವಾಪಸ್. ಸಾಲ ತೀರಿಸಬೇಡ ಅಂತ ಎಲ್ಲೂ ಇಲ್ಲ ನೋಡು, ಕೊಟ್ಟವನ ಕೈ ಎಲ್ಲಿಗೆ ನಿಲ್ಲಬೇಕು ಅಂತ ಗೆರೆ ಹಾಕಿದೆ. 2025ರಲ್ಲಿ ನಮ್ಮ ಸರ್ಕಾರ ಕಿರುಸಾಲದ ಕಿರುಕುಳಕ್ಕೆ ಸುಗ್ರೀವಾಜ್ಞೆ ತಂದು 10 ವರ್ಷದವರೆಗೆ ಜೈಲು ಅಂದಿತಲ್ಲ, ಅದೂ ಅದೇ ಹೊಸ್ತಿಲ ಗೆರೆ. ಆಕೆಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಜೂಬಿಲಿ ವಿಷಯಕ್ಕೆ ನೀನು ವಾದಕ್ಕೆ ಬರ್ತೀಯ, 50ನೇ ವರ್ಷಕ್ಕೆ ಮಾರಿದ ಹೊಲ ಮೊದಲಿನ ಮನೆತನಕ್ಕೆ ವಾಪಸ್ ಅನ್ನೋದೆಲ್ಲ ಕನಸು ಅಂತ. ಯಾಜಕಕಾಂಡ 25 ಓದು. ಮುಂದಿನ ಜೂಬಿಲಿಗೆ ಎಷ್ಟು ಬೆಳೆ ಉಳಿದಿದೆ ಅನ್ನೋ ಲೆಕ್ಕದ ಮೇಲೇ ಹೊಲಕ್ಕೆ ಬೆಲೆ. ನಿಮ್ಮಪ್ಪಾಜಿ ಭೋಗ್ಯಕ್ಕೆ ಹಾಕಿದ್ದರಲ್ಲ, ಹೆಚ್ಚುಕಮ್ಮಿ ಅದೇ. ಕೋಟೆಯೊಳಗಿನ ಮನೆಗೆ ಮಾತ್ರ ಈ ರಿಯಾಯಿತಿ ಇಲ್ಲ, ವರ್ಷದೊಳಗೆ ಬಿಡಿಸಿಕೊಳ್ಳದಿದ್ದರೆ ಹೋಯ್ತು. (ದುರ್ಗದವನಿಗೆ ಕೋಟೆ ಕಾನೂನು ಹೇಳ್ತಿದ್ದೀನಿ, ನಗು.)

ಇನ್ನು ನಮ್ಮ ಅಂಗಡಿ. ಮೆಕ್ಕೆಜೋಳದ ಚೀಲ ಲಾರಿಗೆ ಏರಿದ ಮೇಲೆ ಅಜ್ಜಿಯೊಬ್ಬಳು ಕಡ್ಡಿಪೊರಕೆ, ಮೊರ ಹಿಡಿದು ಬರ್ತಾಳೆ. ಮಣ್ಣು ಕೇರಿ ಕೇರಿ ಸಂಜೆಗೆ ಮೂರ್ನಾಲ್ಕು ಸೇರು ಕಾಳು. ಸಾಹುಕಾರರು ಗದರಿಸಿ ಓಡಿಸ್ತಾರೆ. ಬೈಬಲಿನಲ್ಲಿ ರೂತಳು ಅನ್ನೋ ಬಡ ವಿಧವೆ ಹಕ್ಕಲು ಆರಿಸೋಕೆ ಬಂದಾಗ ಹೊಲದ ಯಜಮಾನ ಬೋವಜ ಆಳುಗಳಿಗೆ ಹೇಳಿದ್ದು ಬೇರೆ: ಸಿವುಡಿನಿಂದ ಬೇಕಂತಲೇ ಒಂದಿಷ್ಟು ತೆನೆ ಉದುರಿಸಿ, ಗದರಬೇಡಿ.

ಸಾಹುಕಾರರನ್ನ ಬೈಯೋದು ಸಲೀಸು. ಅದೇ 24ನೇ ಅಧ್ಯಾಯ ಕೂಲಿಯನ್ನೂ ಹೊತ್ತು ಮುಳುಗೋದರೊಳಗೆ ಕೊಡು ಅನ್ನುತ್ತೆ. ಹಮಾಲರ ಲೆಕ್ಕ ಬರೆಯೋನು ನಾನು, ಬಟವಾಡೆ ಶನಿವಾರ. ಮೊನ್ನೆ ಬುಧವಾರ ಒಬ್ಬ ಬಂದು ಮಗಳಿಗೆ ಜ್ವರ ಅಂತ ತನ್ನದೇ ಎರಡು ದಿನದ ದುಡ್ಡು ಕೇಳಿದ. "ಶನಿವಾರ ಬಾರಪ್ಪ" ಅಂದೆ. ಗಲ್ಲಾ ಪೆಟ್ಟಿಗೆ ಕೀಲಿ ನನ್ನ ಜೇಬಲ್ಲೇ ಇತ್ತು.

ದಿನಾ ಸಂಜೆ ಕೊಟ್ಟುಬಿಡೋಣ ಅಂತ ಸಾಹುಕಾರರಿಗೆ ಹೇಳಿದೆ. ಚಿಲ್ಲರೆ ತಾಪತ್ರಯ ಅಂದರು. ಫೋನ್‌ಪೇ ಮಾಡ್ತೀನಿ ಅಂದೆ. ನೋಡೋಣ ಅಂದಿದ್ದಾರೆ.

ಮಷಿನ್ ವಿಷಯಕ್ಕೆ ಡಿಸಿ ಆಫೀಸಿಗೆ ಅರ್ಜಿ ಕೊಡಬೇಕು. ಅರ್ಜಿ ಬರೆಯೋದರಲ್ಲಿ ನೀನು ಗಟ್ಟಿ. ಭಾನುವಾರ ಬಾ, ಬಸ್ ಚಾರ್ಜು ನನ್ನದು.

ನಿನ್ನ ಗೆಳೆಯ