ಊರಿಂದ ಪರೇಲಿಗೆ ಚಿಕಿತ್ಸೆಗೆ ಬರುವವರಿದ್ದರೆ

ಬಂಧುಗಳೇ, ನಮಸ್ಕಾರ. ವಿಜಯಪುರ, ಕಲಬುರಗಿ, ಕರಾವಳಿ ಕಡೆಯಿಂದ ಮುಂಬೈ ಪರೇಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ಬರುವ ನೆಂಟರ ವಿಚಾರ ಹಲವರು ಕೇಳುತ್ತಿದ್ದೀರಿ. ಬಯಾಪ್ಸಿ (ಗಡ್ಡೆಯ ತುಣುಕಿನ ಪರೀಕ್ಷೆ) ರಿಪೋರ್ಟ್ ಒಂದೇ ಸಾಲದು. ಆ ತುಣುಕಿನ ಗಾಜಿನ ಸ್ಲೈಡು, ಅದನ್ನು ಮೇಣದಲ್ಲಿ ಕಾದಿಟ್ಟ ಬ್ಲಾಕು, ಸ್ಕ್ಯಾನಿನ ಸಿಡಿ ಎಲ್ಲವನ್ನೂ ಊರಿನ ಲ್ಯಾಬಿನಿಂದ ಕೇಳಿ ತರಲು ಹೇಳಿ.

ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆ) ಎಂದರೆ ಸಿರಿವಂತರಿಗೆ ಮಾತ್ರ ಎಂದು ಕೈಚೆಲ್ಲಬೇಡಿ. ಬಾಯಿ, ಗಂಟಲಿನ ಕ್ಯಾನ್ಸರ್ ಮುಂದುವರಿದವರಿಗೆ ಪರೇಲಿನ ವೈದ್ಯರು ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿಯನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು, ಜೊತೆಗೆ ಬಾಯಿಂದ ನುಂಗುವ ಕೀಮೋ ಮಾತ್ರೆ. ಇದು ಮಾಮೂಲಿ ಪ್ರಮಾಣದ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಬರೀ ಮಾತ್ರೆ ತೆಗೆದುಕೊಂಡವರಲ್ಲಿ ವರ್ಷ ದಾಟಿ ಬದುಕಿದವರು ಶೇ. 16ರಷ್ಟು, ಜೊತೆಗೆ ನಿವೊಲುಮ್ಯಾಬನ್ನೂ ಪಡೆದವರಲ್ಲಿ ಶೇ. 43ರಷ್ಟು. ನಮ್ಮ ಕಡೆ ಗುಟ್ಕಾ, ತಂಬಾಕು ಎಷ್ಟು ಮನೆ ಹಾಳು ಮಾಡಿದೆ ಎಂದು ಬಲ್ಲವರಿಗೆ ಈ ಅಂಕಿಯ ಬೆಲೆ ಗೊತ್ತು. ಎಲ್ಲರಿಗೂ ಹೊಂದುವುದಿಲ್ಲ, ಆದರೆ ಡಾಕ್ಟರನ್ನು ಕೇಳಲೇಬೇಕು.

ಕೆಲವು ರಕ್ತದ ಕ್ಯಾನ್ಸರ್‌ಗಳಿಗೆ ಐಐಟಿ ಬಾಂಬೆ ಮತ್ತು ಟಾಟಾ ಸೇರಿ ರೂಪಿಸಿದ ಕಾರ್-ಟಿ ಚಿಕಿತ್ಸೆಗೂ (ರೋಗಿಯದೇ ರೋಗನಿರೋಧಕ ಕಣಗಳನ್ನು ಕ್ಯಾನ್ಸರ್ ಕೊಲ್ಲುವಂತೆ ಮಾರ್ಪಡಿಸಿ ಮರಳಿ ಕೊಡುವ ವಿಧಾನ) 2023ರಲ್ಲಿ ಒಪ್ಪಿಗೆ ಸಿಕ್ಕಿದೆ.

ಅಕ್ಕತಂಗಿಯರೇ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮುಂದೂಡಬೇಡಿ. ಮುಂಬೈನ ಕೊಳೆಗೇರಿಗಳಲ್ಲೇ ನಡೆದ ದೊಡ್ಡ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ವಿನೆಗರ್ ಹಚ್ಚಿ ಮಾಡಿದ ಸರಳ ಪರೀಕ್ಷೆಯಿಂದ ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ತಗ್ಗಿತ್ತು.

ಹಿಂದಿ, ಮರಾಠಿ ಬಾರದ ರೋಗಿಗಳ ಜೊತೆ ಒಪಿಡಿಗೆ ಹೋಗಬಲ್ಲವರು ದಯವಿಟ್ಟು ಬಿಡುವಿನ ದಿನ ಇಲ್ಲೇ ತಿಳಿಸಿ.