ಒಂದು ಪೊಟ್ಟಣ, ಒಂದು ಲೀಟರ್: ತಿದ್ದಿಕೊಟ್ಟ ಎಲ್ಲರಿಗೂ

ಭೇದಿಯಾದಾಗ ಕುಡಿಸುವ ಓಆರ್‌ಎಸ್ ಪುಡಿಯನ್ನು ನೀರಿಗೆ ಬೆರೆಸುವ ಕ್ರಮ ತೋರಿಸುವ ಚಿತ್ರದ ಕಾರ್ಡ್ ಕೊನೆಗೂ ಅಚ್ಚಾಗಿ ಆಶಾ ಕಾರ್ಯಕರ್ತೆಯರ ಚೀಲ ಸೇರಿದೆ. ಕಾರ್ಡಿನ ಮೂಲೆಯಲ್ಲಿ ವಿನ್ಯಾಸ ತಂಡದ ಹೆಸರಿಗಷ್ಟೇ ಜಾಗವಿತ್ತು. ಅದನ್ನು ನಿಜವಾಗಿ ರೂಪಿಸಿದವರು ಬೇರೆಯವರು. ಯಾರು ಏನು ತಿದ್ದಿಕೊಟ್ಟರು ಎಂಬ ಲೆಕ್ಕದ ಸಮೇತ ಅವರಿಗೆ ಇಲ್ಲಿ ವಂದನೆ ಸಲ್ಲಬೇಕು. ಸಾರ್ವಜನಿಕ ಆರೋಗ್ಯಕ್ಕಾಗಿ ವಿನ್ಯಾಸ ಮಾಡುವ ವೃತ್ತಿಗೆ ಬರುವ ಹುಡುಗ ಹುಡುಗಿಯರಿಗೂ ಈ ಲೆಕ್ಕ ಉಪಯೋಗಕ್ಕೆ ಬಂದೀತು.

ಮೊದಲ ವಂದನೆ ತಾಯಂದಿರಿಗೆ, ಅದರಲ್ಲೂ ಮನೆಯ ಅಜ್ಜಿಯರಿಗೆ. ಮಗುವಿಗೆ ಭೇದಿಯಾದರೆ ಏನು ಕುಡಿಸಬೇಕೆಂದು ಹೆಚ್ಚಿನ ಮನೆಗಳಲ್ಲಿ ಹೇಳುವವರು ಅವರೇ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣದಲ್ಲಿ 20.5 ಗ್ರಾಂ ಪುಡಿ: ಗ್ಲೂಕೋಸ್ 13.5, ಉಪ್ಪು 2.6, ಸಿಟ್ರೇಟ್ 2.9, ಪೊಟ್ಯಾಸಿಯಂ ಕ್ಲೋರೈಡ್ 1.5. ಇಷ್ಟಕ್ಕೂ ಸೇರಿ ಒಂದು ಲೀಟರ್ ನೀರು. ಪೂರ್ತಿ ಪುಡಿಯನ್ನು ಒಂದೇ ಲೋಟಕ್ಕೆ ಸುರಿದರೆ ದ್ರಾವಣ ಸುಮಾರು ಐದು ಪಟ್ಟು ಗಟ್ಟಿಯಾಗುತ್ತದೆ. ಭೇದಿ ಇನ್ನೂ ಹೆಚ್ಚುತ್ತದೆ, ರಕ್ತದಲ್ಲಿ ಸೋಡಿಯಂ ಏರಿ ಮಗುವಿನ ಜೀವಕ್ಕೇ ಕುತ್ತು ಬರಬಹುದು. ಅಂಗಡಿಯಲ್ಲಿ 200 ಮಿ.ಲೀ. ನೀರಿಗೆಂದು ಮಾಡಿದ ಚಿಕ್ಕ ಪೊಟ್ಟಣವೂ ಸಿಗುತ್ತದೆ. ಅದನ್ನು ಒಂದು ಲೀಟರಿಗೆ ಹಾಕಿದರೆ ತೀರಾ ತೆಳು. ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಹೋದಾಗ ಅವುಗಳ ಬೆನ್ನಿಗೇ ನೀರೂ ಹೋಗುತ್ತದೆ. ಅವೇ ಸಾಲದಿದ್ದರೆ ಕುಡಿಸಿದ ನೀರು ನಿಲ್ಲುವುದಿಲ್ಲ.

ಕಾರ್ಡಿನ ಮೊದಲ ಕರಡಿನಲ್ಲಿ ‘ಐದು ಲೋಟ ನೀರು’ ಎಂದಿತ್ತು. ‘ಕಾಫಿ ಲೋಟವೋ, ನೀರು ಕುಡಿಯೋ ಲೋಟವೋ?’ ಎಂಬ ಅಜ್ಜಿಯರ ಒಂದೇ ಪ್ರಶ್ನೆಗೆ ಆ ಸಾಲು ಬಿದ್ದುಹೋಯಿತು. ಉತ್ತರವನ್ನೂ ಅವರೇ ಕೊಟ್ಟರು. ಅರ್ಧ ಲೀಟರಿನ ಎರಡು ನಂದಿನಿ ಪ್ಯಾಕೆಟ್ ಹಾಲು ಸುರಿದರೆ ಪಾತ್ರೆಯಲ್ಲಿ ಎಲ್ಲಿಯವರೆಗೆ ಬರುತ್ತದೆಂದು ದಿನಾ ಕಾಯಿಸುವ ಕೈಗೆ ಗೊತ್ತು. ಅದೇ ಪಾತ್ರೆ, ಅದೇ ಮಟ್ಟ, ಹಾಲಿನ ಬದಲು ಕಾಯಿಸಿ ಆರಿಸಿದ ನೀರು. ಬಿಡಿ ಹಾಲು ಕೊಳ್ಳುವ ಊರುಗಳಿಗೆ ಒಂದು ಲೀಟರಿನ ನೀರಿನ ಬಾಟಲಿಯ ಚಿತ್ರ. ಕಾರ್ಡಿನಲ್ಲಿ ಅತಿ ದೊಡ್ಡದಾಗಿ ಬಂದಿರುವ ಚಿತ್ರಗಳು ಇವೆರಡೇ.

ಆಶಾ ಕಾರ್ಯಕರ್ತೆಯರಿಗೆ ಎಷ್ಟು ವಂದಿಸಿದರೂ ಕಡಿಮೆ. ‘ಅರ್ಥ ಆಯ್ತಾ?’ ಎಂದರೆ ಎಲ್ಲರೂ ಹ್ಞೂಂ ಅಂತಾರೆ, ಹಾಗೆ ಕೇಳಲೇಬೇಡಿ ಎಂದವರು ಅವರು. ಖಾಲಿ ಪಾತ್ರೆ, ಪೊಟ್ಟಣ, ಕಾರ್ಡ್ ಮೂರನ್ನೂ ಕೊಟ್ಟು ಬಾಯಿ ಮುಚ್ಚಿಕೊಂಡು ನೋಡುವುದು ಅವರ ಕ್ರಮ. ಹಾಗೆ ನೋಡಿದಾಗಲೇ ತಪ್ಪುಗಳು ಕಂಡವು. ಪುಡಿ ಸುರಿಯುವ ಕೈಯನ್ನು ಮಾತ್ರ ಬರೆದಿದ್ದ ಚಿತ್ರ ‘ಕತ್ತರಿಸಿದ ಕೈ’ ಎನಿಸಿತ್ತು. ಈಗ ಹೆಂಗಸಿನ ಪೂರ್ತಿ ಆಕಾರವಿದೆ. ಕಿರಣಗಳ ಸೂರ್ಯ ನೋಡಿದವರಿಗೆ ಹೂವಾಗಿ ಕಂಡಿದ್ದ. ‘ಬೇಡ’ ಎನ್ನಲು ಹಾಕಿದ ಗುಣಿಸು ಚಿಹ್ನೆ ಯಾರ ಕಣ್ಣಿಗೂ ಬೀಳಲಿಲ್ಲ. ಅದರ ಬದಲು ಬೆರೆಸಿದ ನೀರನ್ನು ಮರುದಿನ ಚೆಲ್ಲುವ ಚಿತ್ರ ಬಂತು, ಏಕೆಂದರೆ 24 ಗಂಟೆ ಮೀರಿದ್ದನ್ನು ಕುಡಿಸಬಾರದು. ಕಾರ್ಡ್ ಮುಗಿದಾಗ ಅವರು ಜೆರಾಕ್ಸ್ ಮಾಡಿಸುತ್ತಾರೆ, ಆಗ ಬಣ್ಣ ಹೋಗುತ್ತದೆ. ಆದ್ದರಿಂದ ಯಾವ ಸೂಚನೆಯೂ ಬಣ್ಣವನ್ನೇ ನಂಬಿಕೊಂಡಿಲ್ಲ.

ಅಂಗನವಾಡಿ ಟೀಚರುಗಳು ಮಾತು ತಿದ್ದಿದರು. ‘ಅತಿಸಾರ’ ಹೋಗಿ ‘ಭೇದಿ’ ಬಂತು. ಹಲ್ಲು ಬರುವಾಗ ಭೇದಿ ಸಹಜ ಎಂದು ಸುಮ್ಮನಿರುವವರಿಗಾಗಿ ‘ಯಾವ ಕಾರಣಕ್ಕೆ ಆದರೂ’ ಎಂಬ ಮೂರು ಪದ ಸೇರಿತು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿ.ಲೀ., ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ. ಎದೆಹಾಲು ನಿಲ್ಲಿಸುವಂತಿಲ್ಲ.

ಓಆರ್‌ಎಸ್ ಜೊತೆಗೆ ಕೊಡುವ ಜಿಂಕ್ ಮಾತ್ರೆಗೆ ಕಾರ್ಡಿನ ಹಿಂಬದಿಯಲ್ಲಿ ದಿನಕ್ಕೊಂದರಂತೆ 14 ಚೌಕಗಳನ್ನು ಹಾಕಿಸಿದವರು ಫಾರ್ಮಸಿ ಅಧಿಕಾರಿ. ಮೂರನೇ ದಿನಕ್ಕೆ ಭೇದಿ ನಿಂತರೆ ಮನೆಯವರು ಮಾತ್ರೆಯನ್ನೂ ಮರೆತು ನಿಲ್ಲಿಸಿಬಿಡುತ್ತಾರೆ, ಆದರೆ 14 ದಿನವೂ ಕೊಡಬೇಕು. ಖಾಲಿ ಚೌಕ ಕಣ್ಣೆದುರಿದ್ದರೆ ನೆನಪಾದೀತು. ಆರು ತಿಂಗಳು ಮೀರಿದವರಿಗೆ ದಿನಕ್ಕೆ 20 ಮಿ.ಗ್ರಾಂ.ನ ಒಂದು ಮಾತ್ರೆ, ಎರಡರಿಂದ ಆರು ತಿಂಗಳ ಕೂಸಿಗೆ ಅರ್ಧ ಮಾತ್ರೆ, ಎದೆಹಾಲಿನಲ್ಲಿ ಕರಗಿಸಿ.

ಪ್ರೆಸ್ಸಿನ ಡಿಟಿಪಿ ಅಣ್ಣನಿಗೂ ದೊಡ್ಡ ನಮಸ್ಕಾರ. ಯೂನಿಕೋಡ್ ಪಠ್ಯವನ್ನು ಪ್ರೆಸ್ಸಿನ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಿಸಿದಾಗ ಅರ್ಕಾವತ್ತು ಜಾಗ ತಪ್ಪಿದ್ದನ್ನು ಹಿಡಿದವರು ಅವರೇ. ಅಕ್ಷರವನ್ನು 14 ಪಾಯಿಂಟಿಗಿಂತ ಇಳಿಸಲು ಒಪ್ಪಲಿಲ್ಲ, ಇಳಿಸಿದರೆ ಒತ್ತಕ್ಷರದೊಳಗೆ ಮಸಿ ತುಂಬಿಕೊಳ್ಳುತ್ತದೆ. ಹೊಳೆಯುವ ಲ್ಯಾಮಿನೇಷನ್ ಬೇಡ, ಬಾಗಿಲ ಬೆಳಕಿಗೆ ಚಿತ್ರವೇ ಕಾಣುವುದಿಲ್ಲ ಎಂದು ಮ್ಯಾಟ್ ಹಾಕಿಸಿದರು.

ದೂರದ ಇಬ್ಬರನ್ನೂ ನೆನೆಯಬೇಕು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ಸಲೈನ್ ಸಾಲದೆ ಹೋದಾಗ, ಡಾ. ದಿಲೀಪ್ ಮಹಲನಬಿಸ್ ಉಪ್ಪು ಸಕ್ಕರೆಯ ದ್ರಾವಣವನ್ನು ಡ್ರಮ್ಮುಗಳಲ್ಲಿಟ್ಟು, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟರು. ಓಆರ್‌ಎಸ್ ಹೆಸರಿನಲ್ಲಿ ಮಾರುತ್ತಿದ್ದ ಸಿಹಿ ಪಾನೀಯಗಳ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸುವಂತಿಲ್ಲ ಎಂದಿತು. ಮುಂದಿನ ಮುದ್ರಣದಲ್ಲಿ ಜ್ಯೂಸ್ ಡಬ್ಬಿ ಮತ್ತು ಪುಡಿಯ ಪೊಟ್ಟಣ ಅಕ್ಕಪಕ್ಕ ಬರಲಿವೆ. ಆ ಚಿತ್ರದ ಕರಡು ಸಿದ್ಧವಿದೆ. ಅಜ್ಜಿಯರ ಮುಂದೆ ಇಡುವುದು ಬಾಕಿ.