ಎಸ್ಕಲೇಡ್ ಎತ್ತರ ಇಳಿಸುವ ಮೊದಲು

ಗೆಳೆಯರೇ, ಕ್ಯಾಡಿಲಾಕ್ ಎಸ್ಕಲೇಡ್ ಎಂಬ ದೊಡ್ಡ SUVಯ ಎತ್ತರ ಇಳಿಸುವ ಬಗ್ಗೆ ತುಂಬಾ ಜನ ಕೇಳುತ್ತಿದ್ದೀರಿ. ಕಿಟ್ ಆರ್ಡರ್ ಮಾಡುವ ಮೊದಲು ಗಾಡಿ ಯಾವ ವರ್ಷದ್ದು ಅಂತ ನೋಡಿಕೊಳ್ಳಿ. 2015ರಿಂದ 2020ರ ಮಾಡೆಲ್‌ಗಳಲ್ಲಿ ಹಿಂದೆ ಕಾಯಿಲ್ ಸ್ಪ್ರಿಂಗ್, ಎರಡೂ ಚಕ್ರ ಸೇರಿಸುವ ಒಂದೇ ಗಟ್ಟಿ ಆಕ್ಸಲ್. 2021ರಿಂದ ಹಿಂದಿನ ಪ್ರತಿ ಚಕ್ರವೂ ಸ್ವತಂತ್ರವಾಗಿ ಮೇಲೆ ಕೆಳಗೆ ಆಡುವ ಸಸ್ಪೆನ್ಷನ್. ಒಂದರ ಕಿಟ್ ಇನ್ನೊಂದಕ್ಕೆ ಕೂರುವುದಿಲ್ಲ.

ಹೊಸದರಲ್ಲಿ ಏರ್ ಸಸ್ಪೆನ್ಷನ್ (ಗಾಳಿಯ ಒತ್ತಡದಿಂದ ಎತ್ತರ ಬದಲಿಸುವುದು) ಇರುವವರು ಸ್ವಲ್ಪ ತಾಳಿ. ನಿಲ್ಲಿಸಿದಾಗ ಹತ್ತಿ ಇಳಿಯಲು ಅನುಕೂಲವಾಗಲಿ ಅಂತ ಅದು 2 ಇಂಚು ತಗ್ಗುತ್ತದೆ. ಫೋಟೋಗೆ ಅಷ್ಟು ಸಾಕಲ್ವಾ?

ಮ್ಯಾಗ್ನೆಟಿಕ್ ರೈಡ್ (ಕರೆಂಟಿನಿಂದ ಬಿಗಿ-ಸಡಿಲ ಆಗುವ ಶಾಕ್ ಅಬ್ಸಾರ್ಬರ್) ಇದ್ದರೆ ಶಾಕ್‌ಗೆ ವೈರ್ ಇರುತ್ತದೆ. ಅದನ್ನು ತೆಗೆದು ಮಾಮೂಲಿ ಶಾಕ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ವಾರ್ನಿಂಗ್ ಬರುತ್ತದೆ, ಮೆತ್ತನೆಯ ಓಟವೂ ಹೋಗುತ್ತದೆ. ಇಷ್ಟು ದುಡ್ಡು ಕೊಟ್ಟು ತಂದದ್ದೇ ಆ ಓಟಕ್ಕೆ. ಸ್ಪ್ರಿಂಗ್ ಕತ್ತರಿಸಿ ಕೊಡುತ್ತೇನೆ ಅನ್ನುವವರ ಹತ್ತಿರ ಹೋಗಲೇಬೇಡಿ. ಎತ್ತರ ಇಳಿಸಿ ಬಂಪ್ ಸ್ಟಾಪ್ (ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ತಡೆಯುವ ತುಂಡು) ಹಾಗೇ ಬಿಟ್ಟರೆ ಏಳು ಜನ ಕೂತಾಗ ಪ್ರತಿ ರೋಡ್ ಹಂಪ್‌ಗೂ ಧಡ್ ಅನ್ನುತ್ತದೆ.

ಇಳಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಬೇಕೇ ಬೇಕು, ಇಲ್ಲದಿದ್ದರೆ ಟೈರಿನ ಒಳಅಂಚು ಬೇಗ ಸವೆಯುತ್ತದೆ. ಹೆಡ್‌ಲೈಟ್ ಮಟ್ಟವನ್ನೂ ನೋಡಿಸಿ. ರೇಟ್ ಕೇಳುವಾಗ ಇವೆರಡೂ ಸೇರಿವೆಯೇ ಅಂತ ಕೇಳಿ.

ಇಲ್ಲಿ ಪ್ರಶ್ನೆ ಹಾಕುವವರು ಗಾಡಿಯ ವರ್ಷ, ಚಕ್ರದ ಸೈಜ್ ದಯವಿಟ್ಟು ಬರೆಯಿರಿ.